ಸಿಐಎಸ್‌ಎಸ್‌ಪಿ ತಯಾರಿ: ಎರಡು ಉತ್ತರ ಸರಿ ಅನ್ನಿಸಿದಾಗ ಯಾವುದನ್ನು ಆರಿಸುವುದು?

ರಾತ್ರಿಪಾಳಿ_ಬೆಂಗಳೂರು:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಎಸ್‌ಒಸಿಯಲ್ಲಿ (ಸೈಬರ್ ದಾಳಿಗಳ ಮೇಲೆ ಕಣ್ಣಿಡುವ ಕೇಂದ್ರ) ಕೆಲಸ ಮಾಡುತ್ತಿದ್ದೇನೆ. ಅಲರ್ಟ್ ನೋಡುವುದು, ಲಾಗ್ ಜಾಲಾಡುವುದು, ಏನಾದರೂ ನಿಜವಾದ ದಾಳಿ ಅನ್ನಿಸಿದರೆ ಮೇಲಿನವರಿಗೆ ತಿಳಿಸುವುದು, ಇಷ್ಟೇ ದಿನಚರಿ. ಸೈಬರ್ ಭದ್ರತೆಯ ಸರ್ಟಿಫಿಕೇಟ್ ಪರೀಕ್ಷೆಯಾದ ಸಿಐಎಸ್‌ಎಸ್‌ಪಿಗೆ ಓದುತ್ತಿದ್ದೇನೆ. ನೆಟ್‌ವರ್ಕ್ ಭಾಗ ಸಲೀಸಾಗಿ ಹೋಗುತ್ತಿದೆ. ಆದರೆ ಅಭ್ಯಾಸದ ಪ್ರಶ್ನೆಗಳಲ್ಲಿ ನಾಲ್ಕರಲ್ಲಿ ಎರಡು ಉತ್ತರ ಸರಿ ಅನ್ನಿಸುತ್ತವೆ. ಈಗ ನೋಡಿ, ಒಂದು ಕಂಪನಿ ಇನ್ನೊಂದನ್ನು ಕೊಂಡುಕೊಳ್ಳುತ್ತದೆ, ಎರಡರ ನೆಟ್‌ವರ್ಕ್ ಸೇರಿಸಬೇಕು, ಭದ್ರತೆಯ ಮುಖ್ಯಸ್ಥರು ಮೊದಲು ಏನು ಮಾಡಬೇಕು ಅಂತ ಪ್ರಶ್ನೆ. ನಡುವೆ ಫೈರ್‌ವಾಲ್ (ಬೇಡದ ಸಂಪರ್ಕ ತಡೆಯುವ ಗೋಡೆ) ಹಾಕಬೇಕು ಅಂತ ನಾನು, ರಿಸ್ಕ್ ಅಸೆಸ್‌ಮೆಂಟ್ (ಎಲ್ಲಿ ಎಷ್ಟು ಅಪಾಯ ಇದೆ ಅಂತ ಅಳೆಯುವುದು) ಮಾಡಬೇಕು ಅಂತ ಉತ್ತರದ ಪಟ್ಟಿ. ಫೈರ್‌ವಾಲ್ ಬೇಡವಾ ಹಾಗಾದರೆ? ಇದನ್ನು ಹೇಗೆ ಯೋಚಿಸಬೇಕು ಅಂತ ಪಾಸಾದವರು ಯಾರಾದರೂ ಹೇಳುತ್ತೀರಾ?

ಆಡಿಟ್_ಅಕ್ಕ:
ಫೈರ್‌ವಾಲ್ ಬೇಕು, ಆದರೆ ಎಲ್ಲಿ ಬೇಕು, ಎಷ್ಟು ಬಿಗಿಯಾಗಿ ಬೇಕು ಅಂತ ಗೊತ್ತಾಗುವುದೇ ಅಸೆಸ್‌ಮೆಂಟ್ ಆದ ಮೇಲೆ ಅಲ್ವಾ? ಪ್ರಶ್ನೆಯಲ್ಲಿ ‘ಮೊದಲು’ ಅಂತ ಇದ್ದರೆ ಅವರು ಕೇಳುತ್ತಿರುವುದು ಕೆಲಸದ ಸರದಿಯನ್ನು. ಆ ಪ್ರಶ್ನೆಯೊಳಗೆ ನೀವು ಯಾರು ಅನ್ನುವುದನ್ನೂ ನೋಡಿಕೊಳ್ಳಿ. ಎಸ್‌ಒಸಿಯಲ್ಲಿ ಕೂತವರಿಗೆ ಕೈ ತಕ್ಷಣ ಕೀಬೋರ್ಡಿಗೆ ಹೋಗುತ್ತದೆ, ಆದರೆ ಇಲ್ಲಿ ನಿಮ್ಮನ್ನು ಮುಖ್ಯಸ್ಥರ ಕುರ್ಚಿಯಲ್ಲಿ ಕೂರಿಸಿದ್ದಾರೆ.

ಖರ್ಚಿನ ಲೆಕ್ಕವನ್ನೂ ಹೀಗೇ ನೋಡಿ. 10 ಲಕ್ಷ ರೂಪಾಯಿ ಬೆಲೆಯ ಒಂದು ಸರ್ವರ್ ಇದೆ ಅಂದುಕೊಳ್ಳಿ. ಒಂದು ಅನಾಹುತ ಆದರೆ ಅದರ ಬೆಲೆಯ ಶೇ. 40 ಹೋಗುತ್ತದೆ, ಅಂದರೆ ಒಂದು ಸಲದ ನಷ್ಟ 4 ಲಕ್ಷ, ಇದಕ್ಕೆ ಎಸ್‌ಎಲ್‌ಇ ಅನ್ನುತ್ತಾರೆ. ಎರಡು ವರ್ಷಕ್ಕೊಮ್ಮೆ ಆಗಬಹುದು ಅಂದರೆ ಎಆರ್‌ಒ, ಅಂದರೆ ವರ್ಷಕ್ಕೆ ಎಷ್ಟು ಸಲ ಅನ್ನುವುದು, 0.5. ಎರಡನ್ನೂ ಗುಣಿಸಿದರೆ ವರ್ಷದ ನಷ್ಟ, ಅಂದರೆ ಎಎಲ್‌ಇ, 2 ಲಕ್ಷ. ಇದನ್ನು ತಡೆಯಲು ಯಾರಾದರೂ ವರ್ಷಕ್ಕೆ 3 ಲಕ್ಷದ ಉಪಕರಣ ತಂದರೆ, ಅದು ಎಷ್ಟೇ ಚೆನ್ನಾಗಿರಲಿ, ಕೊಳ್ಳುವುದರಲ್ಲಿ ಅರ್ಥ ಇಲ್ಲ. ಸೂತ್ರವನ್ನು ಸುಮ್ನೆ ಬಾಯಿಪಾಠ ಮಾಡಬೇಡಿ, ಈ ಕೊನೆಯ ತೀರ್ಮಾನದವರೆಗೆ ಹೋಗಿ.

ಒಂದೇ ಒಂದು ಕಡೆ ಈ ಲೆಕ್ಕ ನಡೆಯುವುದಿಲ್ಲ. ಮನುಷ್ಯರ ಜೀವ. ಡೇಟಾ ಸೆಂಟರಿಗೆ ಬೆಂಕಿ ಬಿದ್ದು ಕರೆಂಟ್ ಹೋದರೆ, ಜನ ಹೊರಗೆ ಓಡುವ ಬಾಗಿಲು ತೆರೆದುಕೊಳ್ಳಬೇಕು, ಒಳಗಿನ ಡೇಟಾ ಏನೇ ಆಗಲಿ. ಆಯ್ಕೆಗಳಲ್ಲಿ ಜನರ ಸುರಕ್ಷತೆ ಇದ್ದರೆ ಮೊದಲು ಅದನ್ನೇ ನೋಡಿ.

ಮೈಸೂರು_ಪ್ಯಾಕೆಟ್:
ಪರೀಕ್ಷೆಯ ರೀತಿಯ ಬಗ್ಗೆ ನನ್ನದು ಸ್ವಲ್ಪ. ಹಳೆಯ ವಿಡಿಯೋಗಳಲ್ಲಿ 4 ಗಂಟೆ, 175 ಪ್ರಶ್ನೆ ಅಂತ ಇರುತ್ತದೆ, ಅದನ್ನು ನಂಬಬೇಡಿ. 2024ರ ಏಪ್ರಿಲ್‌ನಿಂದ 3 ಗಂಟೆ, 100ರಿಂದ 150 ಪ್ರಶ್ನೆ. 1000ಕ್ಕೆ 700 ಬರಬೇಕು. ನಿಮ್ಮ ಉತ್ತರ ನೋಡಿಕೊಂಡು ಕಂಪ್ಯೂಟರ್ ಮುಂದಿನ ಪ್ರಶ್ನೆ ಆರಿಸುತ್ತದೆ, ಹಾಗಾಗಿ ಹಿಂದಕ್ಕೆ ಹೋಗಿ ತಿದ್ದಲು ಆಗುವುದಿಲ್ಲ. ಗುರುತು ಹಾಕಿಟ್ಟು ಆಮೇಲೆ ನೋಡೋಣ ಅನ್ನುವ ಅಭ್ಯಾಸವನ್ನು ಈಗಲೇ ಬಿಡಿ. 150ರವರೆಗೂ ಹೋದರೆ ಒಂದಕ್ಕೆ 72 ಸೆಕೆಂಡ್ ಮಾತ್ರ. ಅಂಕಕ್ಕೆ ಲೆಕ್ಕವಿಲ್ಲದ 25 ಪ್ರಶ್ನೆಗಳೂ ನಡುವೆ ಸೇರಿರುತ್ತವೆ, ಯಾವುವು ಅಂತ ಹೇಳುವುದಿಲ್ಲ. ಹಾಗಾಗಿ ಎಲ್ಲಿಂದಲೋ ಬಂದ ಹಾಗಿರುವ ಪ್ರಶ್ನೆ ಎದುರಾದರೆ ಗಾಬರಿಯಾಗದೆ ಒಂದು ಉತ್ತರ ಕೊಟ್ಟು ಮುಂದೆ ಹೋಗಿ.

ಬಯಲುಸೀಮೆ_ರೂಟ್:
ಆಡಿಟ್_ಅಕ್ಕ ಹೇಳಿದ್ದು ಸರಿ, ಆದರೆ ‘ಮ್ಯಾನೇಜರ್ ಥರ ಯೋಚಿಸಿ’ ಅನ್ನುವ ಮಾತನ್ನು ಹಿಡಿದುಕೊಂಡು ಜನ ತಾಂತ್ರಿಕ ಭಾಗ ಓದುವುದನ್ನೇ ಬಿಡುತ್ತಾರೆ. ಪರೀಕ್ಷೆಯ ಎಂಟು ಡೊಮೇನ್‌ಗಳಲ್ಲಿ, ಅಂದರೆ ವಿಷಯಗಳಲ್ಲಿ, ಜಾಸ್ತಿ ತೂಕ ಇರುವುದು ರಿಸ್ಕ್ ಮ್ಯಾನೇಜ್‌ಮೆಂಟ್‌ಗೇ, ನಿಜ, ಆದರೂ ಅದು ಶೇ. 16 ಮಾತ್ರ. ತಾಂತ್ರಿಕ ಭಾಗದ ಎರಡು ಭದ್ರತಾ ಮಾದರಿಗಳನ್ನೇ ನೋಡಿ, ಯಾರು ಯಾವ ಡೇಟಾ ಓದಬಹುದು, ಬರೆಯಬಹುದು ಅನ್ನುವ ನಿಯಮಗಳು ಇವು. ಬೆಲ್-ಲಪಡುಲಾ ಗುಟ್ಟು ಕಾಯುತ್ತದೆ, ಅದಕ್ಕೇ ಮೇಲಿನ ಮಟ್ಟದ್ದನ್ನು ಓದಬಾರದು, ಕೆಳಗಿನ ಮಟ್ಟಕ್ಕೆ ಬರೆಯಬಾರದು. ಬಿಬಾ ಡೇಟಾ ಕೆಡದಂತೆ ಕಾಯುತ್ತದೆ, ಅಲ್ಲಿ ಎಲ್ಲ ತಿರುಗುಮುರುಗು. ಯಾಕೆ ತಿರುಗುಮುರುಗು ಅಂತ ಅರ್ಥವಾದರೆ ಪ್ರಶ್ನೆಯನ್ನು ಹೇಗೆ ತಿರುಚಿ ಕೇಳಿದರೂ ಉತ್ತರ ಸಿಗುತ್ತದೆ. ಡೇಟಾ ಓನರ್ ಮತ್ತು ಕಸ್ಟೋಡಿಯನ್ ಕೂಡ ಹಾಗೇ. ಬ್ಯಾಕಪ್ ತೆಗೆಯುವ ಕಸ್ಟೋಡಿಯನ್ ನಾವು, ಆದರೆ ಆ ಡೇಟಾ ಎಷ್ಟು ಗೋಪ್ಯ ಅಂತ ತೀರ್ಮಾನಿಸುವವರು ನಾವಲ್ಲ, ಓನರ್.

ನಮ್ಮ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ತಂದ, ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡುವ ನಿಯಮ ಕೆಲಸಕ್ಕೆ ಬೇಕೇ ಬೇಕು. ಆದರೆ ಇದು ಬೇರೆ ಬೇರೆ ದೇಶದವರು ಬರೆಯುವ ಪರೀಕ್ಷೆ. ‘ನಮ್ಮ ಆಫೀಸಿನಲ್ಲಿ ಹೀಗೆ ಮಾಡುತ್ತೇವೆ’ ಅನ್ನುವುದನ್ನು ಹೊರಗೆ ಬಿಟ್ಟು ಹೋಗಿ.

ಇನ್ನೊಂದು ಮಾತು, ಇದನ್ನು ಹೇಳದೆ ಇರಲು ಆಗುತ್ತಿಲ್ಲ. ಟೆಲಿಗ್ರಾಂನಲ್ಲಿ ‘ನಿಜವಾದ ಪ್ರಶ್ನೆಗಳು’ ಅಂತ ಡಂಪ್, ಅಂದರೆ ಪರೀಕ್ಷೆಯಿಂದ ಕದ್ದ ಪ್ರಶ್ನೆಗಳನ್ನು, ಮಾರುವವರ ಹತ್ತಿರ ಹೋಗಬೇಡಿ. ಪರೀಕ್ಷೆಗೆ ಕೂರುವ ಮುನ್ನ ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲ ಅಂತ ಎಲ್ಲರೂ ಒಪ್ಪಿಕೊಂಡಿರುತ್ತೇವೆ. ನಾಳೆ ಬೇರೆಯವರ ಡೇಟಾ ಕಾಯಬೇಕಾದವರು ಕದ್ದ ಪ್ರಶ್ನೆಯಿಂದ ಪಾಸಾದರೆ ಅವರನ್ನು ಯಾರು ನಂಬಬೇಕು?

ರಾತ್ರಿಪಾಳಿ_ಬೆಂಗಳೂರು:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಸರದಿ ಮತ್ತು ಕುರ್ಚಿಯ ಮಾತು ಚೆನ್ನಾಗಿ ತಲೆಗೆ ಹೋಯಿತು. ಇನ್ನೊಂದು ಸಂಶಯ. 5 ವರ್ಷದ ಅನುಭವ ಬೇಕು ಅನ್ನುತ್ತಾರೆ, ನನಗೆ ಅಷ್ಟು ಆಗಿಲ್ಲ. ಬಿಇ ಆಗಿದೆ. ಕಾಯಬೇಕಾ?

ಆಡಿಟ್_ಅಕ್ಕ:
ಕಾಯಬೇಡಿ. ಕಂಪ್ಯೂಟರ್, ಐಟಿ ಅಥವಾ ಅದಕ್ಕೆ ಹತ್ತಿರದ ವಿಷಯದಲ್ಲಿ ಬಿಇ ಇದ್ದರೆ 1 ವರ್ಷದ ವಿನಾಯಿತಿ ಸಿಗುತ್ತದೆ, 4 ವರ್ಷ ಸಾಕು. ಅದು ಕನಿಷ್ಠ ಎರಡು ಡೊಮೇನ್‌ಗಳಲ್ಲಿ ಇರಬೇಕು. ನಿಮ್ಮ ಎಸ್‌ಒಸಿ ಕೆಲಸ ಸೆಕ್ಯುರಿಟಿ ಆಪರೇಷನ್ಸ್‌ಗೆ ಬರುತ್ತದೆ, ಇನ್ನೊಂದಕ್ಕೆ ನೀವು ನಿಜವಾಗಿ ಏನು ಮಾಡಿದ್ದೀರಿ ಅಂತ ಕೂತು ಬರೆದುಕೊಳ್ಳಿ. ಅದೂ ಸಾಲದಿದ್ದರೆ ಪಾಸಾದ ಮೇಲೆ ‘ಅಸೋಸಿಯೇಟ್ ಆಫ್ ಐಎಸ್‌ಸಿ2’ ಆಗಿ ಇರಬಹುದು (ಐಎಸ್‌ಸಿ2 ಈ ಪರೀಕ್ಷೆ ನಡೆಸುವ ಸಂಸ್ಥೆ), ಅನುಭವ ತುಂಬಿಸಲು 6 ವರ್ಷ ಸಮಯ ಕೊಡುತ್ತಾರೆ. ಅಲ್ಲಿಯವರೆಗೆ ಹೆಸರಿನ ಮುಂದೆ ಸಿಐಎಸ್‌ಎಸ್‌ಪಿ ಅಂತ ಹಾಕಿಕೊಳ್ಳುವಂತಿಲ್ಲ. ಅನುಭವ ಈಗಾಗಲೇ ಇದ್ದವರು ಪಾಸಾದ 9 ತಿಂಗಳೊಳಗೆ ಎಂಡಾರ್ಸ್‌ಮೆಂಟ್ ಮುಗಿಸಬೇಕು. ಅಂದರೆ ಐಎಸ್‌ಸಿ2 ಸದಸ್ಯರೊಬ್ಬರು ನಿಮ್ಮ ಅನುಭವ ನಿಜ ಅಂತ ಹೇಳಬೇಕು, ಪರಿಚಯದವರು ಯಾರೂ ಇಲ್ಲದಿದ್ದರೆ ಐಎಸ್‌ಸಿ2 ಅನ್ನೇ ಕೇಳಿಕೊಳ್ಳಬಹುದು. ಹಳೆಯ ಕಂಪನಿ ಯಾವುದಾದರೂ ಇದ್ದರೆ ಎಕ್ಸ್‌ಪೀರಿಯನ್ಸ್ ಲೆಟರ್ ಈಗಲೇ ತೆಗೆದಿಟ್ಟುಕೊಳ್ಳಿ.