ಬಾಯಲ್ಲಿರುವುದಕ್ಕೂ ನೆಲದ ಮೇಲಿರುವುದಕ್ಕೂ ಒಂದೇ ‘ಬಿಡು’ ಸಾಕೇ?

ಪ್ರಶ್ನೆ: ನಾಯಿ ಸಾಕುವವರಿಗಾಗಿ ಒಂದು ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಅದರಲ್ಲಿ ‘ಡ್ರಾಪ್ ಇಟ್’, ‘ಲೀವ್ ಇಟ್’ ಎಂದು ಎರಡು ಅಪ್ಪಣೆಗಳಿವೆ. ಎರಡಕ್ಕೂ ‘ಬಿಡು’ ಎಂದರೆ ನಡೆಯುತ್ತದೆಯೇ? ತಟ್ಟೆ, ಆಟಿಕೆಯ ಹತ್ತಿರ ಬಂದವರ ಮೇಲೆ ನಾಯಿ ಗುರುಗುಟ್ಟುವುದನ್ನು ಅದರಲ್ಲಿ ‘ರಿಸೋರ್ಸ್ ಗಾರ್ಡಿಂಗ್’ ಎಂದಿದ್ದಾರೆ; ಅದಕ್ಕೆ ‘ವಸ್ತು ಕಾವಲು’ ಸರಿಯೇ?

ಉತ್ತರ: ನಡೆಯುವುದಿಲ್ಲ. ಮೊದಲನೆಯದು ಕಚ್ಚಿಕೊಂಡದ್ದನ್ನು ಬಾಯಿಂದ ಹಾಕುವ ಕೆಲಸ, ಎರಡನೆಯದು ಬಾಯಿ ಹಾಕದೇ ಇರುವ ಕೆಲಸ. ಕಲಿಸುವ ರೀತಿಯೇ ಬೇರೆ. ಅದೂ ಅಲ್ಲದೆ ‘ಹೋಗ್ಲಿ ಬಿಡು’, ‘ಆಯ್ತು ಬಿಡು’ ಎಂದು ಮನೆಯಲ್ಲಿ ದಿನವಿಡೀ ಕೇಳುವ ಮಾತಿದು. ಕೇಳಿದ ಮೇಲೆ ಏನೂ ಸಿಗದ ಶಬ್ದಕ್ಕೆ ನಾಯಿ ಕಿವಿಗೊಡುವುದಿಲ್ಲ. ‘ಕೊಡು’ ಕೂಡ ಬೇಡ. ಧಾರವಾಡದ ಕಡೆ ಕುಳಿತುಕೊಳ್ಳಲು ‘ಕೂಡು’ ಎನ್ನುವ ಮನೆಗಳಲ್ಲಿ ಎರಡೂ ಕಲಸಿಹೋಗುತ್ತವೆ.

ಬಾಯಲ್ಲಿದ್ದದ್ದಕ್ಕೆ ‘ಉಗುಳು’, ನೆಲದ ಮೇಲಿದ್ದದ್ದಕ್ಕೆ ‘ಮುಟ್ಬೇಡ’ ಎಂದಿಡಿ. ಎರಡರ ಸದ್ದೂ ಬೇರೆ ಬೇರೆ. ‘ಉಗುಳು’ ಕೇಳಿ ಅಜ್ಜಿ ಮುಖ ಸಿಂಡರಿಸಬಹುದು, ನಾಯಿಗೇನೂ ಬೇಸರವಿಲ್ಲ. ಆದರೆ ಒಬ್ಬರು ‘ಉಗುಳು’, ಇನ್ನೊಬ್ಬರು ‘ಉಗುಳೋ’, ಮತ್ತೊಬ್ಬರು ‘ಬಿಟ್ಬಿಡು’ ಎಂದರೆ ಕೆಲಸ ಕೆಟ್ಟಿತು.

ಕೈಪಿಡಿಯಲ್ಲಿ ಕ್ರಮವೂ ಸ್ಪಷ್ಟವಾಗಿರಲಿ. ‘ಉಗುಳು’ ಕಲಿಸುವಾಗ ಮೊದಲು ನಾಯಿಯ ಬಾಯಲ್ಲಿ ಏನೂ ಇರಬಾರದು. ಪದ ಹೇಳಿ, ಒಂದು ಕ್ಷಣ ತಡೆದು, ಕಡಲೆಕಾಳಿನಷ್ಟು ದೊಡ್ಡ ನಾಲ್ಕೈದು ತುಂಡು ಕೋಳಿಮಾಂಸ ನೆಲಕ್ಕೆ ಹಾಕಬೇಕು. ಉಪ್ಪು, ಈರುಳ್ಳಿ ಹಾಕದೆ ಬೇಯಿಸಿದ್ದಾಗಿರಲಿ. ಈರುಳ್ಳಿ ನಾಯಿಗೆ ವಿಷ. ಪದ ಕೇಳಿದೊಡನೆ ಮೂತಿ ನೆಲಕ್ಕೆ ಬಗ್ಗುವವರೆಗೆ ಇಷ್ಟೇ. ಆಮೇಲೆ ಅದಕ್ಕೆ ಅಷ್ಟೇನೂ ಇಷ್ಟವಿಲ್ಲದ ಆಟಿಕೆ ಬಾಯಲ್ಲಿದ್ದಾಗ ಹೇಳಿ. ತಿನ್ನಲು ಬಾಯಿ ಬಿಟ್ಟಾಗ ಆಟಿಕೆ ಬೀಳುತ್ತದೆ. ತಿಂದು ಮುಗಿಸಿದ ಮೇಲೆ ಆಟಿಕೆಯನ್ನು ವಾಪಸ್ ಕೊಡಿ. ಜನ ಬಿಟ್ಟುಬಿಡುವುದು ಈ ಮೆಟ್ಟಿಲನ್ನೇ. ಪ್ರತಿಸಲವೂ ಕಸಿದುಕೊಂಡರೆ ಅದು ಮಂಚದ ಕೆಳಗೆ ಓಡುತ್ತದೆ, ಇಲ್ಲವೇ ಸಾಕ್ಸನ್ನು ನುಂಗಿಬಿಡುತ್ತದೆ. ನುಂಗಿದ ಸಾಕ್ಸ್ ಕರುಳಿಗೆ ಅಡ್ಡ ಸಿಕ್ಕಿದರೆ ಆಪರೇಷನ್ನೇ ಗತಿ. ಆಟಿಕೆಯಲ್ಲಿ ಕಲಿತ ಮೇಲೆ ಚಪ್ಪಲಿ, ಟಿಶ್ಯೂವಿನಲ್ಲಿ ಅಭ್ಯಾಸ; ಮೂಳೆ ಎಲ್ಲಕ್ಕಿಂತ ಕೊನೆಗೆ.

‘ಮುಟ್ಬೇಡ’ಕ್ಕೆ ಮುಷ್ಟಿಯಲ್ಲಿ ತಿನಿಸು ಹಿಡಿದು ಸುಮ್ಮನಿರಿ. ನಾಯಿ ನೆಕ್ಕುತ್ತದೆ, ಕೆರೆಯುತ್ತದೆ. ಮೂತಿ ಹಿಂದೆಗೆದ ಆ ಕ್ಷಣ ‘ಭಲೇ’ ಎಂದು ಇನ್ನೊಂದು ಕೈಯಿಂದ ಕೊಡಿ, ಮುಷ್ಟಿಯಲ್ಲಿದ್ದದ್ದನ್ನಲ್ಲ. ತಾನಾಗಿ ಹಿಂದೆ ಸರಿಯತೊಡಗಿದ ಮೇಲೆಯೇ ಪದ ಸೇರಿಸುವುದು.

‘ಇದು ಲಂಚವಲ್ಲವೇ’ ಎಂದು ಓದುಗರು ಕೇಳಿಯೇ ಕೇಳುತ್ತಾರೆ. ತಿನಿಸು ತೋರಿಸಿ ಆಮೇಲೆ ಪದ ಹೇಳಿದರೆ ಲಂಚ; ನಾಯಿ ಮೊದಲು ನಿಮ್ಮ ಕೈ ನೋಡುತ್ತದೆ, ಖಾಲಿಯಿದ್ದರೆ ಬಾಯಿ ಬಿಡುವುದಿಲ್ಲ. ಪದ ಮೊದಲು, ಕೈ ಜೇಬಿಗೆ ಹೋಗುವುದು ಆಮೇಲೆ: ಇದು ಬಹುಮಾನ.

ಇನ್ನೊಂದು ಉತ್ತರ: ಮೇಲಿನದನ್ನು ಒಪ್ಪುತ್ತೇನೆ, ‘ವಸ್ತು ಕಾವಲು’ ಮಾತ್ರ ಬೇಡ. ನಮ್ಮಲ್ಲಿ ‘ಕಾವಲು ನಾಯಿ’ ಹೊಗಳಿಕೆ. ತಟ್ಟೆಯ ಹತ್ತಿರ ಹೋದವರ ಮೇಲೆ ಗುರುಗುಟ್ಟಿದರೆ ಯಜಮಾನರು ಹೆಮ್ಮೆಪಡುತ್ತಾರೆ. ‘ತನ್ನದೆಂದು ಗುರುಗುಟ್ಟುವುದು’ ಎಂದರೆ ಉದ್ದವಾದರೂ ತಪ್ಪು ತಿಳಿಯುವುದಿಲ್ಲ. ಆದರೆ ಗುರುಗುಟ್ಟುವುದಕ್ಕೂ ಮೊದಲಿನ ಲಕ್ಷಣಗಳನ್ನು ಅಲ್ಲೇ ಬರೆಯಿರಿ: ಮೈ ಸೆಟೆದು ನಿಲ್ಲುವುದು, ಗಬಗಬನೆ ತಿನ್ನುವುದು, ತಲೆಯೆತ್ತದೆ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು. ಗುರುಗುಟ್ಟಿದ್ದಕ್ಕೆ ಹೊಡೆದರೆ ಎಚ್ಚರಿಕೆ ಕೊಡುವುದನ್ನು ನಿಲ್ಲಿಸಿ ನೇರವಾಗಿ ಕಚ್ಚುವ ಅಪಾಯವಿದೆ. ಅಂಥ ನಾಯಿಗೆ ‘ಉಗುಳು’ ಎನ್ನುತ್ತಾ ಹತ್ತಿರ ಹೋಗಬಾರದು. ಅದು ಸೆಟೆಯದಷ್ಟು ದೂರದಲ್ಲೇ ನಿಂತು, ತಟ್ಟೆಯಲ್ಲಿರುವುದಕ್ಕಿಂತ ರುಚಿಯಾದ ತುಂಡೊಂದನ್ನು ಅದರ ಕಡೆ ಎಸೆದು ಹಿಂದಿರುಗಬೇಕು. ಮಕ್ಕಳ ಕೈಯಲ್ಲಿ ಇದನ್ನು ಮಾಡಿಸಬೇಡಿ ಎಂಬುದನ್ನು ದಪ್ಪ ಅಕ್ಷರದಲ್ಲಿ ಹಾಕಿ.