ನೈಟ್ ಶಿಫ್ಟ್, ಬಿಪಿ ಮತ್ತು ರಾತ್ರಿ ಎರಡರ ವಡಾಪಾವ್

ತಮ್ಮಾ, ಗ್ರೂಪ್‌ನಲ್ಲಿ ನಿನ್ನ ಮೆಸೇಜ್ ನೋಡಿದೆ. ಕಂಪನಿ ಮೆಡಿಕಲ್‌ನಲ್ಲಿ ಬಿಪಿ ಜಾಸ್ತಿ, 150/96 ಬಂತು, ಸಿಗರೇಟಿಲ್ಲ, ಕುಡಿತವಿಲ್ಲ, ಥರ್ಡ್ ಶಿಫ್ಟ್ ಅಂದರೆ ನೈಟ್ ಆದರೂ ಹಗಲು ಮಲಗೇ ಮಲಗುತ್ತೀನಿ, ಮತ್ತೆ ಯಾಕೆ ಅಂತ ಕೇಳಿದ್ದೀಯ. ಸ್ವಲ್ಪ ಉದ್ದ ಇದೆ, ಪೂರ್ತಿ ಓದು.

ಹಗಲು ಮಲಗಿದರೆ ಲೆಕ್ಕ ಸರಿಹೋಗುವುದಿಲ್ಲ. ರಾತ್ರಿ ನಿದ್ದೆಯಲ್ಲಿ ಬಿಪಿ ತಾನಾಗೇ ಶೇ. 10ರಿಂದ 20ರಷ್ಟು ಇಳಿಯುತ್ತದೆ, ಹೃದಯಕ್ಕೆ ಅದೇ ಬಿಡುವು. ಆ ಹೊತ್ತಿಗೆ ನೀನು ಪುಣೆ ಹತ್ತಿರದ ಚಾಕಣದಲ್ಲಿ ಮಶೀನ್ ಮುಂದೆ ನಿಂತಿರುತ್ತೀಯ. ಬೆಳಿಗ್ಗೆ ಬಂದು ಮಲಗಿದರೆ, ಏಳುವ ಹೊತ್ತಾಯಿತು ಅಂತ ಮೈ ಆಗಲೇ ಹಾರ್ಮೋನು ಬಿಟ್ಟಿರುತ್ತದೆ. ಜೊತೆಗೆ ಪಕ್ಕದ ಮನೆಯ ಕುಕ್ಕರ್, ಕೆಳಗೆ ತರಕಾರಿ ಮಾರುವ ಭಾಜಿವಾಲಾನ ಮೈಕು. ನಿದ್ದೆ ಎಲ್ಲಿಂದ ಬರಬೇಕು! ಮೈ ಒಗ್ಗಿಕೊಳ್ಳುವಷ್ಟರಲ್ಲಿ ವಾರ ಮುಗಿದು ಫಸ್ಟ್ ಶಿಫ್ಟ್ ಬಂದಿರುತ್ತದೆ.

ಹೆದರಿಸುತ್ತಿಲ್ಲ, ಆಸ್ಪತ್ರೆ ವಾರ್ಡಿನಲ್ಲಿ ನಾನೂ ನೈಟ್ ಮಾಡಿದವಳೇ ಅಲ್ವಾ. ಅಮೆರಿಕದಲ್ಲಿ ಸುಮಾರು 1,89,000 ನರ್ಸ್‌ಗಳನ್ನು 24 ವರ್ಷ ಗಮನಿಸಿ 2016ರಲ್ಲಿ ವರದಿ ಕೊಟ್ಟರು. ಹತ್ತು ವರ್ಷ ದಾಟಿ ಪಾಳಿಯಲ್ಲಿ ನೈಟ್ ಮಾಡಿದವರಿಗೆ ಹೃದಯದ ರಕ್ತನಾಳದ ಕಾಯಿಲೆ ಶೇ. 15ರಿಂದ 18ರಷ್ಟು ಜಾಸ್ತಿ ಇತ್ತು. ನೈಟ್ ಬಿಟ್ಟು ವರ್ಷಗಳಾದಂತೆ ಅದು ಇಳಿದಿದ್ದೂ ಕಂಡಿತು. ಭಾರೀ ಏರಿಕೆಯೇನಲ್ಲ, ಆದರೆ ಬಿಪಿಯೂ ಸೇರಿಕೊಂಡರೆ ಸುಮ್ನೆ ಕೂರುವಂಥದ್ದೂ ಅಲ್ಲ.

ಮೊದಲು ಆ ರಾತ್ರಿ ಎರಡರ ವಡಾಪಾವ್, ಸಕ್ಕರೆ ಸುರಿದ ಚಹಾ ಬಿಡು. ಅದೇ ಊಟ ಹಗಲಿಗಿಂತ ರಾತ್ರಿ ರಕ್ತದ ಸಕ್ಕರೆಯನ್ನು ಜಾಸ್ತಿ ಏರಿಸುತ್ತದೆ. ಡ್ಯೂಟಿಗೆ ಹೊರಡುವ ಮುಂಚೆ ರೊಟ್ಟಿ ಪಲ್ಯ ತಿಂದು ಹೋಗು, ನಡುವೆ ಹಸಿವಾದರೆ ಉಪ್ಪಿಲ್ಲದ ಹುರಿದ ಶೇಂಗಾ ಒಂದು ಹಿಡಿ ಸಾಕು. ಮಲಗುವ ಕೋಣೆಗೆ ದಪ್ಪ ಪರದೆ ಹಾಕಿಸು, ಫೋನ್ ಹೊರಗಿಡು, ಈ ಗ್ರೂಪ್ ಎಲ್ಲಿಗೂ ಓಡಿಹೋಗುವುದಿಲ್ಲ.

ಅಂದಹಾಗೆ ಮೆಡಿಕಲ್ ನೈಟ್ ಮುಗಿಸಿ ನೇರ ಹೋಗಿ ಮಾಡಿಸಿದ್ದಾ? ಹಾಗಿದ್ದರೆ ಆ ಒಂದು ರೀಡಿಂಗ್ ನಂಬಿಕೊಂಡು ನಿರ್ಧಾರ ಮಾಡುವುದು ಬೇಡ, ನಿರ್ಲಕ್ಷ್ಯವೂ ಬೇಡ. ಒಂದು ವಾರ, ಐದು ನಿಮಿಷ ಸುಮ್ಮನೆ ಕೂತು ಆಮೇಲೆ ಅಳೆದು ಬರೆದಿಡು. ಡಾಕ್ಟರಿಗೆ ಆ ಚೀಟಿ ತೋರಿಸಿ ಶಿಫ್ಟ್ ಟೈಮಿಂಗ್ ಹೇಳು, ಮಾತ್ರೆ ಕೊಟ್ಟರೆ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕು ಅಂತಲೂ ಕೇಳು. ಎಷ್ಟೋ ಜನ ಇದನ್ನು ಹೇಳುವುದೇ ಇಲ್ಲ.

ಎದೆ ಬಿಗಿದು ಬೆವರು ಬಂದರೆ, ಕೈಗೋ ದವಡೆಗೋ ನೋವು ಇಳಿದರೆ ಗ್ಯಾಸ್ ಅಂತ ಸೋಡಾ ಕುಡಿದು ಮಲಗಬೇಡ, 108ಕ್ಕೆ ಫೋನ್ ಮಾಡು. ನಿನ್ನ ಹೆಂಡತಿಗೂ ಹೇಳಿದ್ದೇನೆ. ಬಿಪಿ ಮಶೀನ್ ನನ್ನ ಹತ್ತಿರ ಇದೆ, ಭಾನುವಾರ ಬಂದು ಒಯ್ಯಿ.