ವಿಭಕ್ತಿಗೆ ಒಗ್ಗುವ ಹೆಸರು

ನಮ್ಮ ಗೆಳೆಯನಿಗೆ ಗಂಡು ಮಗು ಹುಟ್ಟಿ ಇಂದಿಗೆ 28 ದಿನ. ಮಗುವಿನ ತೂಕ ಏರಿದೆ, ಅಪ್ಪನ ತೂಕ ಇಳಿದಿದೆ, ಹೆಸರು ಮಾತ್ರ ಸಿಕ್ಕಿಲ್ಲ. ಸಿಕ್ಕಿಲ್ಲ ಎನ್ನುವುದಕ್ಕಿಂತ ಸಿಕ್ಕಿದ್ದು ಹೆಚ್ಚಾಯಿತು ಎನ್ನಬೇಕು. ಅವನ ಮೊಬೈಲಿನಲ್ಲಿ 211 ಹೆಸರುಗಳ ಪಟ್ಟಿ ಇದೆ. ಸಂಜೆ ನಾವು ನಾಲ್ವರು ಕೂರುವ ಕಲ್ಲುಬೆಂಚಿಗೆ ಅದನ್ನು ಹೊತ್ತುಕೊಂಡೇ ಬಂದಿದ್ದ.

ಮೊದಲೇ ಹೇಳಿಬಿಡುತ್ತೇನೆ, ಈ ಹರಟೆಯಲ್ಲಿ ನಮ್ಮ ಯಾರ ಹೆಸರೂ ಬರುವುದಿಲ್ಲ. ಬರೆಯುತ್ತೇನೆ ಎಂದಾಗ ಮೂವರೂ ಒಂದೇ ಬಾಯಲ್ಲಿ "ನಮ್ಮ ಹೆಸರು ಹಾಕಬೇಡ" ಎಂದರು. ಹಾಕಿದರೂ ಪ್ರಯೋಜನವಿರಲಿಲ್ಲ. ಅವರಲ್ಲಿ ಇಬ್ಬರ ಹೆಸರು ಒಂದೇ. ಮೂರನೆಯವರಿಗೆ ಮೇಷ್ಟ್ರು ಎಂಬುದನ್ನು ಬಿಟ್ಟು ಬೇರೊಂದು ಹೆಸರಿದೆ ಎಂಬುದೇ ನಮಗೆ ಮರೆತುಹೋಗಿದೆ.

"ನನ್ನದು ಒಂದೇ ಷರತ್ತು," ಎಂದ ಹೊಸ ಅಪ್ಪ. "ಯಾರಿಗೂ ಇಲ್ಲದ ಹೆಸರಾಗಬೇಕು. ತರಗತಿಯಲ್ಲಿ ಹಾಜರಿ ಕೂಗಿದರೆ ನನ್ನ ಮಗ ಒಬ್ಬನೇ ಎದ್ದು ನಿಲ್ಲಬೇಕು. ನನಗಾದದ್ದು ಅವನಿಗೆ ಆಗಬಾರದು."

ಅವನಿಗೆ ಆದದ್ದು ನಮಗೆ ಗೊತ್ತು. ಅವನ ತರಗತಿಯಲ್ಲಿ ಅವನ ಹೆಸರಿನವರು ನಾಲ್ವರಿದ್ದರು. ಉದ್ದನೆಯವನು, ಕನ್ನಡಕದವನು, ಹಿಂದಿನ ಬೆಂಚಿನವನು ಎಂದು ಮೂವರಿಗೆ ಗುರುತು ದೊರೆಯಿತು. ಯಾವ ಗುರುತೂ ಇಲ್ಲದ ಇವನನ್ನು ಎಲ್ಲರೂ "ಅವನಲ್ಲ, ಇನ್ನೊಬ್ಬ" ಎನ್ನುತ್ತಿದ್ದರು. ಹತ್ತು ವರ್ಷ ಇನ್ನೊಬ್ಬನಾಗಿ ಕಳೆದವನ ಹಟ ಸಣ್ಣದಲ್ಲ.

ಕನ್ನಡಕ ಸರಿಮಾಡಿಕೊಂಡು ಓದತೊಡಗಿದ. "ರೇಯಾಂಶ್, ವಿಯಾಂಶ್, ದೇವಾಂಶ್, ಶಿವಾಂಶ್, ಕ್ರಿಯಾಂಶ್..."

"ನಿಲ್ಲಿಸಪ್ಪಾ," ಎಂದರು ಮೇಷ್ಟ್ರು. "ಎಲ್ಲವೂ ಅಂಶವೇ ಆಯಿತಲ್ಲ. ಪೂರ್ಣಾಂಕ ಒಂದೂ ಇಲ್ಲವೇ?"

"ಅಂಶಗಳೇ ಇಷ್ಟಿದ್ದರೆ ಛೇದ ಯಾರು ಎಂದೂ ಕೇಳಿ ಮೇಷ್ಟ್ರೇ," ಎಂದ ಕಂಪ್ಯೂಟರಿನವನು. ಅವನು ಆಡುವುದು ಕಡಿಮೆ. ಆಡಿದರೆ ಹೀಗೆ.

ಹೊಸ ಅಪ್ಪ ಸೋಲಲಿಲ್ಲ. "ರೇಯಾಂಶ್ ಎಂದರೆ ಬೆಳಕಿನ ಕಿರಣದ ಅಂಶ. ಸಂಸ್ಕೃತ ಮೂಲ ಎಂದು ಇಲ್ಲೇ ಬರೆದಿದೆ ನೋಡಿ," ಎಂದು ಮೊಬೈಲನ್ನು ಮೇಷ್ಟ್ರ ಮೂಗಿನವರೆಗೆ ಒಯ್ದ.

ಮೇಷ್ಟ್ರು ಅದನ್ನು ಓದಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ನೊಂದರು. "ಅಂಶ ಸಂಸ್ಕೃತವೇ ಸರಿ. ಕಿರಣಕ್ಕೆ 'ರೇ' ಎಂದು ಅಮರಕೋಶದ ಅಮರಸಿಂಹ ಹೇಳಿದ್ದು ನನಗೆ ತಿಳಿಯದು. ಇಂಗ್ಲಿಷಿನ ತಲೆಗೆ ಸಂಸ್ಕೃತದ ಬಾಲ ಅಂಟಿಸಿದ್ದಾರೆ. ಸಂಸ್ಕೃತಕ್ಕೂ ಕನ್ನಡಕ್ಕೂ ಗಂಟು ಹಾಕಿದರೇ ನಮ್ಮ ವ್ಯಾಕರಣದವರು ಅರಿಸಮಾಸ ಎಂದು ಮುಖ ಸಿಂಡರಿಸುತ್ತಿದ್ದರು. ಇದಕ್ಕೆ ಏನೆನ್ನುತ್ತಿದ್ದರೋ! ಹುಟ್ಟಿದ ತಿಂಗಳೊಳಗೆ ಮಗುವಿನ ಹೆಸರಿನಲ್ಲಿ ಜಗಳ ಬೇಡ."

ನನಗೆ ಕಂಡ ತಮಾಷೆಯೆಂದರೆ, ಯಾರಿಗೂ ಇಲ್ಲದ ಹೆಸರನ್ನು ಹುಡುಕುವವರೆಲ್ಲ ಒಂದೇ ಗುಂಡಿಯಲ್ಲಿ ಗಾಳ ಹಾಕಿ ಕುಳಿತಿರುತ್ತಾರೆ. ಅಮೆರಿಕದವರೂ ಇದನ್ನೇ ಮಾಡಿದರು. ಜಾನ್, ಜೇಮ್ಸ್ ಸಾಕೆಂದು ಏಡನ್ ಇಟ್ಟರು. ಏಡನ್ ಹೆಚ್ಚಾಯಿತೆಂದು ಜೇಡನ್, ಅದೂ ಹೆಚ್ಚಾಯಿತೆಂದು ಕೇಡನ್, ಬ್ರೇಡನ್. ಕೊನೆಗೆ ಶಿಶುವಿಹಾರದ ಬಾಗಿಲಲ್ಲಿ ನಿಂತು "ಡನ್" ಎಂದರೆ ಸಾಕು, ಅರ್ಧ ತರಗತಿ ತಿರುಗಿ ನೋಡುವಂತಾಯಿತು. ನಮ್ಮವರ "ಆಂಶ್" ಕೂಡ ಅದೇ ದಾರಿಯಲ್ಲಿದೆ.

"ಹಾಗಾದರೆ ಯಾರ ಊಹೆಗೂ ಸಿಗದ ಹೆಸರು ಬೇಕು," ಎಂದ ಹೊಸ ಅಪ್ಪ.

"ಸ್ವೀಡನ್ನಿನಲ್ಲಿ ಒಬ್ಬರು ಅದನ್ನೂ ಮಾಡಿ ಮುಗಿಸಿದ್ದಾರೆ," ಎಂದ ಕಂಪ್ಯೂಟರಿನವನು. "ಮಗುವಿಗೆ ಐದು ವರ್ಷ ತುಂಬಿದರೂ ಹೆಸರು ನೋಂದಾಯಿಸಿರಲಿಲ್ಲ. ನ್ಯಾಯಾಲಯ 5,000 ಕ್ರೋನ ದಂಡ ಹಾಕಿತು. ಅಪ್ಪ ಅಮ್ಮನಿಗೆ ಸಿಟ್ಟು ಬಂದು, 1996ರಲ್ಲಿ ಅಕ್ಷರ, ಅಂಕಿ ಸೇರಿ 43 ಗುರುತುಗಳ ಒಂದು ಹೆಸರು ಬರೆದುಕೊಟ್ಟರು. ಹುಡುಕಿದರೂ ಅದರಲ್ಲಿ ಒಂದು ಸ್ವರವಿಲ್ಲ. ಕೊನೆಯಲ್ಲಿ 11116 ಎಂದು ಬೇರೆ ಇತ್ತು."

"ಕರೆಯುವುದು ಹೇಗಂತೆ?"

"ಆಲ್ಬಿನ್ ಎಂದು ಉಚ್ಚರಿಸಬೇಕಂತೆ."

ಮೇಷ್ಟ್ರು ಬೆಂಚಿನಿಂದ ಎದ್ದೇಬಿಟ್ಟರು.

"ಕೂತುಕೊಳ್ಳಿ, ಇನ್ನೂ ಇದೆ. ನ್ಯಾಯಾಲಯ ಒಪ್ಪಲಿಲ್ಲ. ಸರಿ ಎಂದು ಅವರು 'ಎ' ಎಂಬ ಒಂದೇ ಅಕ್ಷರ ಬರೆದುಕೊಟ್ಟರು. ಅದರ ಉಚ್ಚಾರಣೆಯೂ ಆಲ್ಬಿನ್. ಅದನ್ನೂ ಒಪ್ಪಲಿಲ್ಲ."

ಇದನ್ನು ಕೇಳಿ ಹೊಸ ಅಪ್ಪನಿಗೆ ಎದೆ ಹಗುರವಾದಂತೆ ಕಂಡಿತು. ತನಗಿಂತ ಹಟಮಾರಿಗಳು ಇದ್ದಾರೆ ಎಂಬುದು ಎಂಥವರಿಗೂ ಸಮಾಧಾನ. ನ್ಯೂಜಿಲೆಂಡಿನಲ್ಲಿ ಒಂದು ಮಗುವಿಗೆ "16ನೇ ನಂಬರ್ ಬಸ್ ತಂಗುದಾಣ" ಎಂಬ ಹೆಸರನ್ನು ನೋಂದಣಿಯವರು ಒಪ್ಪಿದ್ದರೆಂದು 2008ರಲ್ಲಿ ಅಲ್ಲಿನ ನ್ಯಾಯಾಧೀಶರೊಬ್ಬರು ಬೇಸರದಿಂದ ಬರೆದಿದ್ದರು ಎಂಬುದನ್ನೂ ಕಂಪ್ಯೂಟರಿನವನು ಸೇರಿಸಿದ.

"ಸಪ್ತಮೀ ವಿಭಕ್ತಿಗೆ ಹೇಳಿ ಮಾಡಿಸಿದ ಹೆಸರು," ಎಂದರು ಮೇಷ್ಟ್ರು. "ತಂಗುದಾಣದಲ್ಲಿ!"

ಅಲ್ಲಿಂದ ಮಾತು ಅಚ್ಚಗನ್ನಡದ ಕಡೆಗೆ ಹೊರಳಿತು. ನಾನು "ನೇಸರ ಎಂದಿಡು" ಎಂದೆ. ಸೂರ್ಯ ಎಂದು ಅರ್ಥ, ಮೂರೇ ಅಕ್ಷರ, ಒತ್ತಿಲ್ಲ, ದೀರ್ಘ ಒಂದೇ, ಕೇಳಲು ತಂಪು. ನನಗೆ ನಾನೇ ಬೆನ್ನು ತಟ್ಟಿಕೊಳ್ಳುವಷ್ಟರಲ್ಲಿ ಕಂಪ್ಯೂಟರಿನವನು ಕೇಳಿದ: "ನಕಾರ ತೆಗೆದು ಬಕಾರ ಹಾಕುವುದಕ್ಕೆ ಎರಡನೇ ತರಗತಿಯ ಹುಡುಗರಿಗೆ ಎಷ್ಟು ಹೊತ್ತು ಬೇಕು?"

ಬೇಸರ. ಹೌದಲ್ಲ! ಹೆಸರಿಡುವವರು ಅರ್ಥಕೋಶ ನೋಡುತ್ತಾರೆ. ಮಕ್ಕಳು ಪ್ರಾಸ ನೋಡುತ್ತಾರೆ. ಗೆಲ್ಲುವವರು ಯಾವಾಗಲೂ ಮಕ್ಕಳೇ.

"ನೀರವ?" ಎಂದು ಹೊಸ ಅಪ್ಪ ಆಸೆಯಿಂದ ಕೇಳಿದ. ಸದ್ದಿಲ್ಲದವನು ಎಂದು ಅರ್ಥ. 28 ರಾತ್ರಿ ಕಣ್ಣು ಮುಚ್ಚದವನ ಬಾಯಲ್ಲಿ ಅದು ಹೆಸರಿನಂತೆ ಕೇಳಲಿಲ್ಲ, ಹರಕೆಯಂತೆ ಕೇಳಿತು. ಯಾರೂ ನಗಲಿಲ್ಲ.

ಅಪರೂಪದ ಹೆಸರಿನ ವಿಷಯದಲ್ಲಿ ನನಗೆ ಮಾತನಾಡುವ ಹಕ್ಕಿದೆ. ನಮ್ಮಪ್ಪ ನನಗೆ ನಿಘಂಟಿನಿಂದ ಎತ್ತಿ ಹೆಸರಿಟ್ಟರು. ಅದರಲ್ಲಿ ಒಂದು ಮಹಾಪ್ರಾಣಕ್ಕೆ ಎರಡು ಒತ್ತು ತೂಗುಬಿದ್ದಿವೆ. ಮೊದಲ ಸಲ ಸರಿಯಾಗಿ ಬರೆದವರನ್ನು ನಾನಿನ್ನೂ ಕಂಡಿಲ್ಲ. ಫೋನಿನಲ್ಲಿ ಹೇಳಬೇಕಾದರೆ ಒಂದೊಂದು ಅಕ್ಷರಕ್ಕೂ ಒಂದೊಂದು ಪ್ರಾಣಿಯ ಹೆಸರು ಜೋಡಿಸಿ ಹೇಳುತ್ತೇನೆ, ಮಾತು ಮುಗಿಯುವ ಹೊತ್ತಿಗೆ ಆ ಕಡೆಯವರಿಗೆ ಮೃಗಾಲಯ ಸುತ್ತಿದ ಆಯಾಸ. ಒಂದು ದಿನ ಸರದಿಯಲ್ಲಿ ನಿಂತಿದ್ದೆ. ಕಿಟಕಿಯ ಆಚೆಯಿಂದ ಹೆಸರು ಕೇಳಿದರು. ಹಿಂದೆ ಹದಿನೈದು ಜನ ನಿಂತಿದ್ದರು. ಸುಮ್ಮನೆ "ರವಿ" ಎಂದುಬಿಟ್ಟೆ. ಬದುಕಿನಲ್ಲಿ ಮೊದಲ ಬಾರಿಗೆ ಯಾರೂ "ಏನು?" ಎಂದು ಕೇಳಲಿಲ್ಲ. ಆ ನೆಮ್ಮದಿಯನ್ನು ಅನುಭವಿಸುತ್ತ ಮೂಲೆಯಲ್ಲಿ ಕುಳಿತೆ. ಅವರು "ರವಿ, ರವಿ" ಎಂದು ಮೂರು ಸಲ ಕೂಗಿದರು. ಯಾರಪ್ಪಾ ಈ ರವಿ, ಕರೆದರೂ ಬರುವುದಿಲ್ಲವಲ್ಲ ಎಂದು ನಾನೂ ಎಲ್ಲರ ಜೊತೆ ಸುತ್ತ ನೋಡಿದೆ. ಸರದಿ ತಪ್ಪಿತು.

"ಆದರೂ ವಿಚಿತ್ರ ಹೆಸರು ನಿಲ್ಲುತ್ತದೆ," ಎಂದರು ಮೇಷ್ಟ್ರು. ಅವರು ಯಾವ ಪಕ್ಷ ಎಂಬುದು ಅವರಿಗೂ ಗೊತ್ತಿರುವುದಿಲ್ಲ. "ಹುಟ್ಟಿದ ಕೂಡಲೇ ಕುದುರೆಯಂತೆ ಕೆನೆದ ಎಂದು ಅಶ್ವತ್ಥಾಮ ಎಂದರು. ಕೇಳಿದವರು ಮರೆತರೇ? ಅದಿರಲಿ, ಐತರೇಯ ಬ್ರಾಹ್ಮಣದಲ್ಲಿ ಅಜೀಗರ್ತ ಎಂಬ ಋಷಿ ಬರುತ್ತಾನೆ. ಅವನಿಗೆ ಮೂವರು ಗಂಡುಮಕ್ಕಳು. ಶುನಃಪುಚ್ಛ, ಶುನಃಶೇಪ, ಶುನೋಲಾಂಗೂಲ. ಅರ್ಥ ಗೊತ್ತೇ?"

ನಮಗೆ ಗೊತ್ತಿರಲಿಲ್ಲ.

"ನಾಯಿಬಾಲ, ನಾಯಿಬಾಲ, ನಾಯಿಬಾಲ."

ಬೆಂಚು ಒಂದು ಕ್ಷಣ ಸ್ತಬ್ಧವಾಯಿತು. ಪರ್ಯಾಯ ಪದಗಳ ಮೇಲೆ ಅಷ್ಟು ಹಿಡಿತವಿದ್ದ ತಂದೆಗೆ ವಿಷಯಗಳ ಕೊರತೆ ಯಾಕಾಯಿತೋ. "ನಡುವಿನವನನ್ನು ನೂರು ಹಸುಗಳಿಗೆ ಮಾರಿದ," ಎಂದು ಮೇಷ್ಟ್ರು ಮುಂದುವರಿಸಿದರು. "ಅವನು ಬಲಿಯಿಂದ ಪಾರಾದ ಮೇಲೆ ವಿಶ್ವಾಮಿತ್ರರು ಮಗನನ್ನಾಗಿ ಮಾಡಿಕೊಂಡರು, ದೇವರಾತ ಎಂದು ಲಕ್ಷಣವಾದ ಹೆಸರೂ ಬಂತು. ದೇವರಾತ ಎಂದರೆ ಈಗ ಯಾರಿಗಾದರೂ ನೆನಪಿದೆಯೇ? ಶುನಃಶೇಪ ಎಂದರೆ ತಿಳಿಯುತ್ತದೆ. ನಾಯಿಬಾಲವೇ ಉಳಿಯಿತು."

ಹೊಸ ಅಪ್ಪ ಮೊಬೈಲಿನಲ್ಲಿ ಏನನ್ನೋ ಬರೆದುಕೊಂಡ. ನಾನು ಇಣುಕಿ ನೋಡಿದೆ. ಪುಣ್ಯಕ್ಕೆ "ದೇವರಾತ" ಎಂದು ಬರೆದುಕೊಂಡಿದ್ದ. ಪಟ್ಟಿ 212ಕ್ಕೆ ಏರಿತು.

"ಹೀಗೆ ಮುಗಿಯುವುದಿಲ್ಲ," ಎಂದ ಕಂಪ್ಯೂಟರಿನವನು. "ಇದಕ್ಕೊಂದು ಪರೀಕ್ಷೆ ಬೇಕು. ಐಸ್‌ಲ್ಯಾಂಡಿನವರು ಅದಕ್ಕೆಂದೇ 1991ರಿಂದ ಒಂದು ಸಮಿತಿ ಇಟ್ಟಿದ್ದಾರೆ. ಒಪ್ಪಿದ ಪಟ್ಟಿಯಲ್ಲಿ ಇಲ್ಲದ ಹೆಸರನ್ನು ಇಡಬೇಕಾದರೆ ಸಮಿತಿ ನೋಡಬೇಕು. ಆ ಹೆಸರು ಅವರ ಭಾಷೆಯ ಷಷ್ಠೀ ಪ್ರತ್ಯಯ ಹಚ್ಚಿಸಿಕೊಳ್ಳುತ್ತದೆಯೇ ಎಂಬುದು ಒಂದು ಮುಖ್ಯ ಪ್ರಶ್ನೆ."

"ಷಷ್ಠಿಯೇ?" ಮೇಷ್ಟ್ರ ಕಣ್ಣಲ್ಲಿ ನೀರಾಡಿತು. "ವ್ಯಾಕರಣಕ್ಕೆ ಇಷ್ಟು ಬೆಲೆ ಕೊಡುವ ನಾಡು ಭೂಮಿಯ ಮೇಲಿದೆಯೇ?"

"ಅವರಿಗೆ ಬೇರೆ ದಾರಿಯಿಲ್ಲ. ಅಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರಿರುವುದಿಲ್ಲ, ಅಪ್ಪನ ಹೆಸರಿನ ಷಷ್ಠಿಗೆ 'ಸನ್' ಸೇರಿಸಿದರೆ ಮಗನ ಎರಡನೆಯ ಹೆಸರು. ಯೋನ್ ಎಂಬವನ ಮಗ ಯೋನ್ಸನ್. ಇಂದು ಮಗನಿಗೆ ಒಗ್ಗದ ಹೆಸರಿಟ್ಟರೆ ಮೊಮ್ಮಗನ ಹೆಸರು ಕೆಡುತ್ತದೆ."

ಮೇಷ್ಟ್ರಿಗೆ ಇಷ್ಟು ಸಾಕಾಯಿತು. ಮೊಬೈಲನ್ನು ಕಸಿದುಕೊಂಡು ಸಮಿತಿಯ ಅಧ್ಯಕ್ಷರಾಗಿಬಿಟ್ಟರು. "ನಮ್ಮಲ್ಲಿ ಏಳು ವಿಭಕ್ತಿ. ಪಂಚಮಿಯ 'ದೆಸೆಯಿಂದ' ಪಠ್ಯಪುಸ್ತಕದಲ್ಲೇ ಇರಲಿ, ಅದನ್ನು ಬಿಟ್ಟು ಸಂಬೋಧನೆ ಸೇರಿಸಿಕೊಳ್ಳೋಣ, ಏಳೇ ಆಯಿತು. ಈ ಏಳರಲ್ಲೂ ತಡವರಿಸದೆ ನಾಲಿಗೆ ಹೊರಳಬೇಕು. ರೇಯಾಂಶ್ ತೆಗೆದುಕೊ. ರೇಯಾಂಶನನ್ನೋ, ರೇಯಾಂಶ್‌ನನ್ನೋ? ಎರಡನೆಯ ಹೆಜ್ಜೆಯಲ್ಲೇ ಅನುಮಾನ. ಸಂಬೋಧನೆ ಅದಕ್ಕಿಂತ ಕಷ್ಟ. ದೂರದಲ್ಲಿರುವವನನ್ನು ಕರೆಯುವಾಗ ಕೊನೆಯ ಸ್ವರವನ್ನು ಮೂರು ಮಾತ್ರೆ ಎಳೆಯಬೇಕು ಎಂದು ಪಾಣಿನಿ ಅದಕ್ಕೊಂದು ಸೂತ್ರವನ್ನೇ ಮಾಡಿದ್ದಾನೆ. ರಾಮಾಽಽ ಎಂದರೆ ಬಯಲಿನ ಆಚೆಗೂ ಕೇಳುತ್ತದೆ. ನಿನ್ನ ಮಗನನ್ನು ಕರೆ ನೋಡೋಣ."

"ನಡುವಿನ 'ಯಾ' ಎಳೆಯಬಹುದಲ್ಲ," ಎಂದು ಹೊಸ ಅಪ್ಪ ಎದ್ದು ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, ಉಸಿರು ಕಟ್ಟಿ ಕೂಗಿದ: "ರೇಯಾಽಽಂಶ್‌ಶ್‌ಶ್!"

ಪಕ್ಕದ ಬೆಂಚಿನಲ್ಲಿ ಜೋರಾಗಿ ಫೋನಿನಲ್ಲಿ ಮಾತನಾಡುತ್ತಿದ್ದವರು ಗಕ್ಕನೆ ಸುಮ್ಮನಾದರು. ನಮ್ಮ ಕಡೆ ನೋಡಿ, "ಕ್ಷಮಿಸಿ" ಎಂದು ದನಿ ತಗ್ಗಿಸಿ ಎದ್ದು ಹೋದರು.

"ಮಗುವೂ ಹೀಗೆಯೇ," ಎಂದರು ಮೇಷ್ಟ್ರು. "ಕರೆದರೆ ಬರುವುದಿಲ್ಲ, ಇದ್ದಲ್ಲೇ ಬಾಯಿ ಮುಚ್ಚಿಕೊಳ್ಳುತ್ತದೆ."

ಆಂಶ್‌ಗಳೆಲ್ಲ ಒಂದೇ ಏಟಿಗೆ ಹೋದವು. ಕ್‌ನಲ್ಲಿ ಮುಗಿಯುವವು ಬಿಕ್ಕಳಿಕೆಯಂತಿವೆ ಎಂದು ಹೋದವು. ದೇವರಾತ ತುಸು ಹೊತ್ತು ನಿಂತ, ಆಮೇಲೆ "ಆ ತಾತ ಯಾರು?" ಎಂದು ನಾನು ಕೇಳಿದ್ದರಿಂದ ಹೋದ. ಕತ್ತಲಾಗುವ ಹೊತ್ತಿಗೆ 212 ಇದ್ದದ್ದು ಎರಡಕ್ಕೆ ಇಳಿದಿತ್ತು. ಆ ಎರಡೂ ಅಕ್ಷರದೋಷದಿಂದ ಎರಡು ಸಲ ಬರೆದ ಒಂದೇ ಹೆಸರು, ಅದೂ ಅಪ್ಪನದೇ ಹೆಸರು. ಪಟ್ಟಿಗೆ ಅದನ್ನು ಸೇರಿಸಿದವರು ಅವನ ಹೆಂಡತಿಯಂತೆ.

ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಮನೆಯಿಂದ. ಅಳುವಿನ ಸದ್ದು ನಮ್ಮೆಲ್ಲರಿಗೂ ಕೇಳುತ್ತಿತ್ತು.

"ಗುಂಡ ಎದ್ದನೇ?" ಎಂದ ಇವನು. ಮೇಷ್ಟ್ರು ತಲೆಯೆತ್ತಿದರು. "ಗುಂಡನನ್ನು ಸ್ವಲ್ಪ ಎತ್ತಿಕೊ... ಗುಂಡನಿಗೆ ಹಸಿವಿರಬೇಕು... ಇಲ್ಲವೇ? ಹಾಗಾದರೆ ಗುಂಡನ ಬಟ್ಟೆ ಒದ್ದೆಯಾಗಿದೆಯೋ ನೋಡು."

ಮೇಷ್ಟ್ರು ಮೆಲ್ಲನೆ ಬೆರಳು ಮಡಿಸತೊಡಗಿದರು. ಒಂದು, ಎರಡು, ಮೂರು, ನಾಲ್ಕು.

"ಈ ಗುಂಡನಿಂದ ಇಡೀ ಮನೆಗೆ ನಿದ್ದೆಯಿಲ್ಲ... ನನ್ನನ್ನು ಏಕೆ ಬಯ್ಯುತ್ತೀಯೆ? ಗುಂಡನಲ್ಲಿ ಇಳಿದಿರುವುದು ನಿಮ್ಮಪ್ಪನ ಹಟ!"

ಐದು, ಆರು. ಮೇಷ್ಟ್ರು ಉಸಿರು ಬಿಗಿಹಿಡಿದು ಕುಳಿತಿದ್ದರು. ಕಂಪ್ಯೂಟರಿನವನೂ ನಾನೂ ಮುಂದಕ್ಕೆ ಬಾಗಿದೆವು.

"ಕೊಡು, ಫೋನನ್ನು ಅವನ ಕಿವಿಯ ಹತ್ತಿರ ಹಿಡಿ," ಎಂದ ಹೊಸ ಅಪ್ಪ. ಗಂಟಲು ಸರಿಮಾಡಿಕೊಂಡು, ಪೂರ್ತಿ ಮೂರು ಮಾತ್ರೆ ಎಳೆದ: "ಗುಂಡಾಽಽ!"

ಆ ಕಡೆಯಿಂದ ಅಳು ಎರಡು ಪಟ್ಟು ಜೋರಾಯಿತು.

"ಓಗೊಟ್ಟ," ಎಂದು ಮೇಷ್ಟ್ರು ಏಳನೆಯ ಬೆರಳನ್ನೂ ಮಡಿಸಿದರು.